ಉದ್ರಿ

ಮಂಗಳ, ಗುರು, ಶನಿ. ಅಜ್ಜರಕಾಡು, ಬೆಳಗ್ಗಿನ ಪಾಳಿ.
ಮೊದಲು ತೂಕ.
ಬಾಗಿಯಕ್ಕ ತಕ್ಕಡಿಯ ಮೇಲೆ ನಿಲ್ಲುವುದಿಲ್ಲ,
ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತು
ನಾನು ಗಿರಾಕಿ ಎಂಬಂತೆ ಮುಖ ನೋಡುತ್ತಾಳೆ:
"ತೂಕಕ್ಕೆ ಇಲ್ಲ ಮಾರಾಯ್ತಿ, ಲೆಕ್ಕಕ್ಕೆ. ನೂರಕ್ಕೆ ಎಂಟು."

ಮಲ್ಪೆಯ ದಕ್ಕೆಯಿಂದ ಕೊಡವೂರಿನ ತನಕ
ನಲವತ್ತು ವರ್ಷ ನಡೆದ ತಲೆ ಅದು.
ಸಿಂಬಿಯ ಮೇಲೆ ಬಂಗುಡೆ,
ಸಿಂಬಿಯ ಕೆಳಗೆ ಉದ್ರಿ.
ಪುಸ್ತಕ ಇಲ್ಲ, ಪೆನ್ಸಿಲ್ ಇಲ್ಲ,
ಬಾವಿಕಟ್ಟೆ ಮನೆಯ ಎಂಬತ್ತು,
ಮಾಸ್ಟ್ರ ಮನೆಯ ಇನ್ನೂರ ಹತ್ತು,
ಸತ್ತವರ ಬಾಕಿ ಬೇರೆ, ಓಡಿದವರದ್ದು ಬೇರೆ,
ಎಲ್ಲ ಅವರವರ ಗೇಟಿನ ಎದುರು ತಾನಾಗಿ ನೆನಪಾಗುತ್ತಿತ್ತು.

ಈಗ ಕುಡಿದ ನೀರು ನೆನಪಿಲ್ಲ.
ದಿನಕ್ಕೆ ಮುಕ್ಕಾಲು ಲೀಟರ್ ಅಂತ ಸೊಸೆ ಅಳೆದಿಟ್ಟರೆ
ಕುಡಿದು, ಕುಡಿಯಲಿಲ್ಲವೆಂದು ಮತ್ತೆ ಕುಡಿದು
ಮೂರೂವರೆ ಕಿಲೋ ನೀರು ಹೊತ್ತುಕೊಂಡು ಬರುತ್ತಾಳೆ
ಉಬ್ಬಿದ ಪಾದಗಳಲ್ಲಿ.

ದೊಡ್ಡ ಡಾಕ್ಟರು ಕಾಗದ ಕೊಟ್ಟು ಹೇಳಿದರು,
ಗಡಿಯಾರ ಬಿಡಿಸಿ.
ಒಂದು ವೃತ್ತ ಬಿಡಿಸಿದಳು, ಅಲುಗದೆ, ಒಂದೇ ಎಳೆತಕ್ಕೆ.
ಮತ್ತೆ ಪೆನ್ನು ಕೆಳಗಿಟ್ಟಳು.
"ಬುಟ್ಟಿ ಆಯಿತು. ಮೀನು ಎಲ್ಲುಂಟು?"
ನೂರರಲ್ಲಿ ಏಳು ಹೋದರೆ ಎಷ್ಟಮ್ಮ?
"ಏಳು ಎಂತದ್ದು? ಬಂಗುಡೆಯಾ, ಭೂತಾಯಿಯಾ?"
ಡಾಕ್ಟರು ನಗಲಿಲ್ಲ.
ಕಿಡ್ನಿ ಸೋಸದ್ದು ರಕ್ತದಲ್ಲಿ ಉಳಿಯುತ್ತದೆ,
ಸಣ್ಣ ಸಣ್ಣ ನಾಳಗಳು ಮೊದಲು ಸೋಲುತ್ತವೆ,
ಕಿಡ್ನಿಯಲ್ಲೂ, ಮಿದುಳಲ್ಲೂ ಎಂದರು.
ಯಂತ್ರ ನಾಲ್ಕು ಗಂಟೆಯಲ್ಲಿ ನೀರು ತೆಗೆಯುತ್ತದೆ, ಉಪ್ಪು ತೆಗೆಯುತ್ತದೆ.
ಹೋದದ್ದನ್ನು ತಂದುಕೊಡುವುದಿಲ್ಲ.

ನನ್ನದೊಂದು ವಿಷಯ ಉಂಟು.
ಹಂಚಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷ
ಅಪ್ಪ ಅಂಗಳದಲ್ಲೇ ಕೂತಿರುತ್ತಿದ್ದರು.
ಹನ್ನೊಂದು ವಾರ ಬಾಗಿಯಕ್ಕ ಗೇಟು ತೆಗೆದು
"ಜುಲಿಯಾನ ಬಾಯಿ, ಪಾತ್ರೆ ತನ್ನಿ" ಎಂದು ಕರೆದಳು.
ಅಮ್ಮ ಬಾಗಿಲ ಹಿಂದೆ ಇದ್ದಿಲಲ್ಲಿ ಗೀಟು ಹಾಕಿದಳು.
ಅಕ್ಕನ ಮದುವೆಗೆ ಸುಣ್ಣ ಬಳಿದಾಗ ಗೀಟು ಹೋಯಿತು,
ಆಮೇಲೆ ಅಮ್ಮನೂ.
ಮುನ್ನೂರ ನಲವತ್ತು.
ಆ ಲೆಕ್ಕ ಇದ್ದ ಇನ್ನೊಂದೇ ಜಾಗ
ನನ್ನ ಮೂರನೇ ನಂಬರಿನ ಮಂಚದಲ್ಲಿ ಕಣ್ಣುಮುಚ್ಚಿ ಮಲಗಿದೆ.
ಸುಳ್ಳು ಯಾಕೆ,
ಅವಳ ಫೈಲು ಮೊದಲ ಸಲ ಕೈಗೆ ಬಂದ ದಿನ
ನನಗೆ ಸ್ವಲ್ಪ ಹಗುರ ಅನ್ನಿಸಿತ್ತು.

ಸೂಜಿ ತೆಗೆದ ಮೇಲೆ ಹತ್ತು ನಿಮಿಷ
ಹತ್ತಿಯ ಮೇಲೆ ಬೆರಳು ಒತ್ತಿ ಹಿಡಿಯಬೇಕು.
ನನ್ನ ಬೆರಳಿನಡಿ ಅವಳ ರಕ್ತ ಗುಂಯ್ಗುಡುತ್ತದೆ.
ಆಗಲೇ ಹೇಳಿದೆ:
ಪೇರಳೆ ಮರದ ಮನೆ, ಬಾಗಿಯಕ್ಕ. ಬಾಕಿ ಉಂಟು.
ಏಳುನೂರು.
ಮರ ನೆನಪಾಗಲಿಲ್ಲ, ಅಮ್ಮ ನೆನಪಾಗಲಿಲ್ಲ.
ಹುಬ್ಬು ಮಾತ್ರ ಮೇಲೇರಿತು:
"ಅಷ್ಟೆಲ್ಲ ಆಗಲಿಕ್ಕಿಲ್ಲ.
ಕಾರ್ಖಾನೆ ಮುಚ್ಚಿದ ವರ್ಷ ಭೂತಾಯಿ ರಾಶಿ ಬಿದ್ದಿತ್ತು, ಕೇಳುವವರಿರಲಿಲ್ಲ."
ಮುನ್ನೂರ ನಲವತ್ತು ಎಣಿಸಿ ಕೊಟ್ಟೆ.
ಸೆರಗಿನ ತುದಿಗೆ ಕಟ್ಟಿಕೊಂಡಳು, ಎರಡು ಗಂಟು.

ಶನಿವಾರ ಬಂದಳು, ಗಂಟು ಬಿಚ್ಚಿದಳು.
"ಇದು ಯಾರಿಗೋ ಕೊಡಲಿಕ್ಕುಂಟು,
ರಾತ್ರಿ ನಿದ್ದೆ ಬರುವುದಿಲ್ಲ.
ನೀನು ಇಲ್ಲೇ ಇರುವವಳಲ್ಲವಾ,
ಅವರು ಬಂದರೆ ಕೊಟ್ಟುಬಿಡು."
ಸೊಸೆ ನನ್ನ ಮುಖ ನೋಡಿದಳು.
ನಾನು ತಕ್ಕಡಿ ತೋರಿಸಿದೆ.
ಇವತ್ತು ತಾನಾಗಿಯೇ ಹತ್ತಿ ನಿಂತಳು, ನೆಟ್ಟಗೆ,
ಎರಡೂ ಕೈ ಎತ್ತಿ
ತಲೆಯ ಮೇಲಿನ ಏನನ್ನೋ ಹಿಡಿದುಕೊಂಡು.